ಗೋದೂ ಅತ್ಯಾ ಮತ್ತು ಅಟ್ಟದ ಗುಲಾಬಿಗಳು

ಗೋದೂ ಅತ್ಯಾ ಗೋಡೆಯನ್ನು ತಟ್ಟುತ್ತಿದ್ದರು, ಕೂಸನ್ನು ಮಲಗಿಸುವಾಗ ತಟ್ಟುತ್ತಾರಲ್ಲ, ಹಾಗೆ. ಅಂಗೈ ಅಗಲಿಸಿ ಮೇಲಿನಿಂದ ಕೆಳಕ್ಕೆ ಸವರಿ, ಕೊನೆಗೆ ಮೆಲ್ಲಗೆ ಬಡಿದು, "ಹೂಂ, ಮಲಕೋ ಇನ್ನ" ಎನ್ನುತ್ತಿದ್ದರು. ಮಲಗಬೇಕಾಗಿದ್ದದ್ದು ವಾಲ್‌ಪೇಪರ್. ಅವರ ಬಲಗೈಯ ಗೆರೆಗಳಲ್ಲಿ ಮೈದಾಹಿಟ್ಟಿನ ಅಂಟು ಒಣಗಿ ಬೆಳ್ಳಗೆ ಕೂತಿರುತ್ತಿತ್ತು. ಫ್ರ್ಯಾಂಕ್ಲಿ, ಅವರ ಮುಖ ನನಗೀಗ ಫೋಟೋ ನೋಡದೆ ಸರಿಯಾಗಿ ನೆನಪಾಗುವುದಿಲ್ಲ. ಆ ಅಂಗೈ ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತದೆ.

ಅತ್ಯಾ ಎಂದರೆ ನನ್ನ ಗಂಡನ ಸೋದರತ್ತೆ. ಮದುವೆಯಾದ ಹೊಸದರಲ್ಲೇ ಗಂಡ ತೀರಿಕೊಂಡು, ಪುಣೆಯಲ್ಲಿ ಕಾರಕೂನನಾಗಿದ್ದ ತಮ್ಮನ ಮನೆಗೆ ಬಾಗಲಕೋಟೆಯಿಂದ ಒಂದು ಟ್ರಂಕು ಹಿಡಿದು ಬಂದವರು. ನಾನು ಎಪ್ಪತ್ತರ ದಶಕದ ಮೊದಲಿಗೆ ಆ ಮನೆಗೆ ಸೊಸೆಯಾಗಿ ಬರುವಷ್ಟರಲ್ಲಿ ಆ ತಮ್ಮ, ಅಂದರೆ ನನ್ನ ಮಾವನವರು ಇರಲಿಲ್ಲ. ಮನೆಯಲ್ಲಿ ಇದ್ದವರು ನನ್ನ ಗಂಡ ವಸಂತ, ಎಲ್ಲರೂ ಆಯಿ ಎಂದು ಕರೆಯುತ್ತಿದ್ದ ನನ್ನ ಅತ್ತೆ, ಮತ್ತು ಈ ಗೋದೂ ಅತ್ಯಾ. ನಾರಾಯಣ ಪೇಠೆಯ ಹಳೇ ವಾಡೆ ಅದು. ಕೆಳಗೆ ಅಡುಗೆಮನೆ, ನಡುಮನೆ, ಬಾಡಿಗೆಗೆ ಕೊಟ್ಟ ಮುಂದಿನ ಕೋಣೆ. ಮೇಲೆ ಹಂಚಿನ ಕೆಳಗೆ, ತಲೆ ಬಗ್ಗಿಸಿ ಹೋಗುವ ಒಂದು ಅಟ್ಟದ ಕೋಣೆ. ಅಲ್ಲಿಗೆ ಹತ್ತಲು ನೆಟ್ಟಗೆ ನಿಂತ ಕಟ್ಟಿಗೆಯ ಮೆಟ್ಟಿಲು, ಹಿಡಿದುಕೊಳ್ಳಲು ಮೇಲಿನ ತೊಲೆಯಿಂದ ಇಳಿಬಿಟ್ಟ ಹಗ್ಗ. ಯಾರಾದರೂ ಹತ್ತತೊಡಗಿದರೆ ಮೊದಲು ಹಗ್ಗ ಅಲುಗಾಡುತ್ತಿತ್ತು, ಆಮೇಲೆ ಮನುಷ್ಯ.

ನನಗೂ ವಸಂತನಿಗೂ ಕೊಟ್ಟದ್ದು ಆ ಅಟ್ಟದ ಕೋಣೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು ಬಂದ ಹುಡುಗಿಗೆ ಅದು ಹೌ ರೊಮ್ಯಾಂಟಿಕ್ ಅನಿಸಿತು. ಪುಟ್ಟ ಕಿಟಕಿ, ಕಿಟಕಿಯಾಚೆ ಪೇಠೆಯ ಹಂಚುಗಳೆಲ್ಲ ಒಂದರ ಮೇಲೊಂದು ಮಲಗಿದ ಹಾಗೆ. ವಾರ ಕಳೆದ ಮೇಲೆ ಕಿಟಕಿಯ ಪಕ್ಕದ ಗೋಡೆಯಲ್ಲಿ ಒಂದು ಎಣ್ಣೆಯ ಕಲೆ ಕಂಡೆ. ನೆಲದಿಂದ ಒಂದೂವರೆ ಮೊಳ ಮೇಲೆ, ದುಂಡಗೆ.

"ಅತ್ಯಾ, ಇದೇನ್ರಿ ಕಲೆ?"

"ಅದಾ? ನನ್ನ ತಲಿ," ಎಂದರು. "ಮಧ್ಯಾಹ್ನ ಇಲ್ಲೇ ಗ್ವಾಡಿಗೆ ಆನಿಸಿ ಕೂಡ್ತಿದ್ನೆಲಾ. ಕೊಬ್ಬರಿಎಣ್ಣಿ ಭಾಳ ಹಚಗೋತಿದ್ದೆ. ನಿನ್ನ ಮದವಿ ಮುಂದ ಸುಣ್ಣಾ ಹೊಡಸಿದೆ, ಮತ್ತ ಎದ್ದು ಬಂದದ ನೋಡು, ಸುಡ್ಲಿ."

ಅದು ಅವರ ಕೋಣೆಯಾಗಿತ್ತು ಎಂದು ನನಗೆ ಗೊತ್ತಾದದ್ದು ಹೀಗೆ. ಬಿಡಿಸಿದವರು ಯಾರೂ ಅಲ್ಲವಂತೆ. ಮದುವೆಯ ಮಾತಿನ ನಡುವೆ ಅವರೇ "ಮಾಳಿಗಿ ಹುಡುಗರಿಗೆ ಕೊಡ್ರಿ" ಎಂದು ಹೇಳಿ, ಟ್ರಂಕನ್ನು ತಾವೇ ಇಳಿಸಿಕೊಂಡು, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದರು. ಆ ಮೂಲೆಗೆ ಕಿಟಕಿ ಇರಲಿಲ್ಲ. ಹಗಲಲ್ಲೂ ದೀಪ ಹಾಕಬೇಕು, ಹಾಕಿದರೆ ಆಯಿ "ಕರೆಂಟು" ಎಂದು ಕೂಗುವರು.

ಅವರನ್ನು ಕಂಡು ಪಾಪ ಎನ್ನಲು ಮಾತ್ರ ಅವರು ಯಾರಿಗೂ ಅವಕಾಶ ಕೊಡುತ್ತಿರಲಿಲ್ಲ. ನನ್ನನ್ನು ಮೊದಲ ದಿನದಿಂದಲೇ "ಮ್ಯಾಡಂಬಾಯಿ" ಎಂದು ಕರೆದವರು. ನಾನು ಚಮಚದಲ್ಲಿ ಅನ್ನ ತಿಂದದ್ದನ್ನು ಕಂಡು, "ಆಯಿ, ಸೊಸಿಗೆ ಕೈ ಅದಾವೋ ಇಲ್ಲೋ ನೋಡಿ ತಂದೀಯೋ ಇಲ್ಲೋ?" ಎಂದು ಅಡುಗೆಮನೆಯಿಂದ ಕೇಳಿದ್ದರು. ಮರಾಠಿ ಪೇಪರನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ, ಪ್ರತಿ ಸುದ್ದಿಗೂ ಕನ್ನಡದಲ್ಲಿ ಬೈಯುತ್ತಿದ್ದರು. ನಶ್ಯ ಏರಿಸಿ ಅವರು ಸೀನಿದರೆ ಓಣಿಯ ಪಾರಿವಾಳಗಳು ಹಾರುತ್ತಿದ್ದವು.

ವಾಲ್‌ಪೇಪರ್ ಕತೆ ಶುರುವಾದದ್ದು ನನ್ನ ಬಾಯಿಂದಲೇ. ನಮ್ಮ ಶಾಲೆಯ ಪಾರ್ಲರಿನಲ್ಲಿ ಗೋಡೆಗೆ ಹೂವಿನ ಕಾಗದ ಅಂಟಿಸಿತ್ತು, ಸೋ ಪ್ರೆಟಿ, ಎಂದು ಯಾವಾಗಲೋ ಹೇಳಿದ್ದೆ. ಅತ್ಯಾ ಅವರೆಕಾಯಿ ಬಿಡಿಸುತ್ತಿದ್ದರು. ಮಾರನೆಯ ವಾರ, "ನಡಿ, ಕ್ಯಾಂಪಿಗೆ ಹೋಗೋಣು" ಎಂದು ನನ್ನನ್ನು ಎಬ್ಬಿಸಿದರು. ಬ್ರಿಟಿಷರ ದಂಡು ಇದ್ದ ಕ್ಯಾಂಪಿನ ಹಳೇ ಬಂಗಲೆಗಳು ಖಾಲಿಯಾದಾಗ ಅಲ್ಲಿನ ಸಾಮಾನು ಬಂದು ಬೀಳುತ್ತಿದ್ದ ಒಂದು ಹರಾಜಿನ ಅಂಗಡಿಯನ್ನು ಅವರು ಯಾರಿಂದಲೋ ವಿಚಾರಿಸಿ ಇಟ್ಟುಕೊಂಡಿದ್ದರು. ಪಿಯಾನೋ, ಹರಿಣದ ಕೊಂಬು, ಒಡೆದ ಕಮೋಡುಗಳ ನಡುವೆ ಬಿಚ್ಚದೇ ಇದ್ದ ಸುರುಳಿಗಳು. ಕೆನೆ ಬಣ್ಣದ ಮೇಲೆ ನಸುಗೆಂಪು ಗುಲಾಬಿ.

"ಆಜೀ, ವಿಲಾಯತಿ ಮಾಲ ಆಹೇ," ಎಂದ ಅಂಗಡಿಯವನು.

ಅತ್ಯಾ ಸುರುಳಿಯ ತುದಿ ತಿರುಗಿಸಿ ತೋರಿಸಿದರು. "ವಿಲಾಯತಿ ಅಸೇಲ ರೇ ಬಾಬಾ, ಪಣ ಖಾಲ್ಲಾಯ ಕೋಣೀ? ಪುಣ್ಯಾಚ್ಯಾ ಉಂದರಾನೇಚ ನಾ?"

ಮಾಲು ವಿಲಾಯತಿಯದೇ ಇರಬಹುದು, ಕಡಿದದ್ದು ಪುಣೆಯ ಇಲಿಯೇ ತಾನೇ ಎಂದು. ಅಂಗಡಿಯವನು ನಕ್ಕುಬಿಟ್ಟ. ನಕ್ಕ ಮೇಲೆ ಅವನ ಕೈಲಿ ಚೌಕಾಶಿ ಆಗಲಿಲ್ಲ.

ಕಾಗದ ಮೂರು ಗೋಡೆಗೆ ಸಾಲುತ್ತಿತ್ತು. ನಾಲ್ಕನೆಯದಕ್ಕೆ ಆಯಿಲ್ ಪೇಂಟ್ ಎಂದಾಯಿತು. ನಾನು ಕ್ರೀಮ್ ಎಂದೆ. ಅತ್ಯಾ ಗಿಣಿಹಸಿರು ಎಂದರು.

"ಅತ್ಯಾ, ಟೇಸ್ಟ್ ಅಂತ ಒಂದು ಇರ್ತದ್ರಿ. ಗುಲಾಬಿಗೆ ಕ್ರೀಮ್ ಮ್ಯಾಚ್ ಆಗ್ತದ."

"ಕ್ರೀಮ್ ಅಂದ್ರ ಹಾಲಿನ ಕೆನಿ ಅಲ್ಲೇನ? ಕೆನಿ ತಿನ್ನೂದು ಬಿಟ್ಟು ಗ್ವಾಡಿಗೆ ಬಡೀತಾರೇನ? ಗುಲಾಬಿ ಗಿಡಕ್ಕ ಎಲಿ ಯಾವ ಬಣ್ಣದ್ದು ಹೇಳು, ಕಾನ್ವೆಂಟ್‌ನೊಳಗ ಕಲಿಸ್ಯಾರೋ ಇಲ್ಲೋ?"

ಕಡೆಗೆ ಗೋಡೆ ಕ್ರೀಮ್, ಕಿಟಕಿ ಬಾಗಿಲು ಗಿಣಿಹಸಿರು. ವಸಂತ ಸ್ಟೂಲಿನ ಮೇಲೆ ನಿಂತು ಎರಡು ಪಕ್ಷಕ್ಕೂ ಬ್ರಶ್ ಆಡಿಸಿದ.

ತಪ್ಪಾದದ್ದು ಅದಕ್ಕೂ ಮೊದಲು. ಹೊಸ ಸೊಸೆಯ ಕೋಣೆ, ಸುಣ್ಣ ಇಲ್ಲದೆ ಏನನ್ನೂ ಹಚ್ಚಬಾರದು ಎಂಬುದು ಅತ್ಯಾನ ಹಟ. ಕಾಗದ ಬರುವ ಮೂರೂ ಗೋಡೆಗೆ ನೀಲಿ ಬೆರೆಸಿದ ಸುಣ್ಣವನ್ನು ತಾವೇ ದಪ್ಪಗೆ ಬಳಿದರು. ಯಾವ ಕಾಗದವೂ ಹೊಸ ಸುಣ್ಣದ ಮೇಲೆ ನಿಲ್ಲುವುದಿಲ್ಲ, ಅದು ಹಿಡಿಯುವುದು ಗೋಡೆಯನ್ನಲ್ಲ, ಸುಣ್ಣದ ಪುಡಿಯನ್ನು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಆಯಿಯ ಕಣ್ಣು ತಪ್ಪಿಸಿ ಸಾರಿನ ಬೋಗುಣಿಯಲ್ಲೇ ಮೈದಾ ಕುದಿಸಿ, ಬೇರೆ ಡಬ್ಬಿಗೆ ಸುರಿದು ಹುಳ ಹತ್ತಬಾರದೆಂದು ಮೈಲುತುತ್ತ ಹಾಕಿ, ಮೂವರೂ ಸೇರಿ ಅಂಟಿಸಿದೆವು. ಒಂದು ಹಾಳೆ ತಲೆಕೆಳಗಾಯಿತು. ಅತ್ಯಾ ದೂರ ನಿಂತು ನೋಡಿದರು. "ಇರಲಿ ಬಿಡು. ಉಳದವು ಗುಲಾಬಿ, ಇವು ಬಾವಲಿ."

ಮೊದಲ ಮಳೆಗೆ ಗೋಡೆಗಳು ಬೆವೆತವು. ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ಇಡೀ ಹಾಳೆ ಮಗ್ಗುಲಾಗಿ ಬಂದು ನನ್ನ ಮೇಲೆ ಹೊದಿಕೆಯಂತೆ ಬಿತ್ತು. ಕಿರುಚಿದೆ. ಹಗ್ಗ ಅಲುಗಾಡಿತು. ಅತ್ಯಾ ಬಂದರು, ನೋಡಿದರು, ಇಳಿದು ಹೋಗಿ ಬಟ್ಟಲಲ್ಲಿ ಅಂಟು ಮಾಡಿಕೊಂಡು ಬಂದರು. ಆ ದಿನದಿಂದ ದಿನವೂ ಮಧ್ಯಾಹ್ನ ಬಟ್ಟಲು ಹಿಡಿದು ಮೇಲೆ ಬರುವುದು ಅವರ ಕೆಲಸವಾಯಿತು. ಎದ್ದ ತುದಿ ಅಂಟಿಸುವರು, ತಟ್ಟುವರು, ಆಮೇಲೆ ಕಿಟಕಿಯ ಪಕ್ಕದ ಗೋಡೆಗೆ ತಲೆ ಆನಿಸಿ "ಒಂದ ನಿಮಿಷ" ಎಂದು ಕೂಡುವರು. ಆ ನಿಮಿಷ ನಾಲ್ಕು ಗಂಟೆಯ ಚಹಾದ ತನಕ ಎಳೆಯುತ್ತಿತ್ತು.

ಹೊಸದಾಗಿ ಮದುವೆಯಾದವಳು ನಾನು. ನನ್ನ ಕಾಗದ ಪತ್ರ, ನನ್ನ ಇಂಗ್ಲಿಷ್ ಕಾದಂಬರಿ, ನನ್ನ ಪ್ರೈವಸಿ. "ಅತ್ಯಾ, ಒಳಗ ಬರೂ ಮುಂದ ನಾಕ್ ಮಾಡಬೇಕ್ರಿ," ಎಂದು ಹೇಳಿಕೊಟ್ಟೆ. ಬಾಗಿಲು ಬಡಿಯುವುದು ಎಂದರೇನು ಎಂದು ಬಡಿದೂ ತೋರಿಸಿದೆ.

"ನನ್ನ ಕೈಯಾಗ ಬಟ್ಟಲಾ ಇರ್ತದ. ಒಂದ ಕೈಯಾಗ ಹಗ್ಗ. ಬಾಗಿಲಾ ಏನ ತಲೀಲೆ ಬಡೀಲ್ಯಾ?"

ಮರುದಿನದಿಂದ ಬಾಯಿಂದಲೇ ಬಡಿಯತೊಡಗಿದರು. ಮೆಟ್ಟಿಲ ಅರ್ಧಕ್ಕೇ ಗಟ್ಟಿಯಾಗಿ, "ಟಕ್ ಟಕ್! ಮ್ಯಾಡಂಬಾಯಿ, ಟಕ್ ಟಕ್!" ಓಣಿಗೆಲ್ಲ ಕೇಳಬೇಕು.

ದೀಪಾವಳಿಯ ಹೊತ್ತಿಗೆ ವಸಂತ ತನ್ನ ಆಫೀಸಿನಲ್ಲಿ ಯಾರನ್ನೋ ಕೇಳಿ ವಿಷಯ ತಿಳಿದುಕೊಂಡು ಬಂದ. ರಜೆ ಹಾಕಿ, ಒಂದೊಂದೇ ಹಾಳೆ ಬಿಡಿಸಿ, ಸುಣ್ಣ ಕೆರೆದು, ಗೋಡೆಗೆ ಪ್ರೈಮರ್ ಹೊಡೆದು, ಡಬ್ಬಿಯ ಗೋಂದಿನಿಂದ ಮತ್ತೆ ಅಂಟಿಸಿದ. ಬಾವಲಿಗಳೂ ಗುಲಾಬಿಗಳಾದವು. ಅತ್ಯಾ ಮೇಲೆ ಬಂದು ಎಲ್ಲ ಗೋಡೆ ಸವರಿ ನೋಡಿದರು. ತಟ್ಟಲಿಲ್ಲ.

"ಛಲೋ ಆತು ಬಿಡು ವಸಂತ್ಯಾ. ಇನ್ನ ಕೆಲಸಾ ಇಲ್ಲ."

ಬಟ್ಟಲನ್ನು ಹಾಗೇ ಹಿಡಿದುಕೊಂಡು ಇಳಿದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನು ಬಯಸಿದ ಪ್ರೈವಸಿ ಕೋಣೆ ತುಂಬ ಇತ್ತು. ಕಾದಂಬರಿ ಓದಲು ಕೂತೆ, ಒಂದೇ ಪುಟವನ್ನು ತಿರುತಿರುಗಿ ಓದಿದೆ. ನೀರು ಕುಡಿಯಲೆಂದು ಇಳಿದರೆ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಅತ್ಯಾ ಟ್ರಂಕಿನ ಮೇಲೆ ಕೂತಿದ್ದರು. ಕೈಯಲ್ಲಿ ಪೇಪರ್ ಇರಲಿಲ್ಲ. ನಶ್ಯದ ಡಬ್ಬಿಯೂ ಇರಲಿಲ್ಲ. ಸುಮ್ಮನೆ, ಬಸ್ಸಿಗೆ ಕಾಯುವವರ ಹಾಗೆ.

ಮೇಲೆ ಹೋದೆ. ಕಿಟಕಿಯ ಹತ್ತಿರದ ಒಂದು ಹಾಳೆಯ ತುದಿಗೆ ಉಗುರು ಹಾಕಿದೆ. ಡಬ್ಬಿಯ ಗೋಂದು ಗಟ್ಟಿಯಿತ್ತು, ಐ ಮಸ್ಟ್ ಸೇ. ಉಗುರು ಮುರಿಯಿತು. ಇನ್ನೊಂದು ಬೆರಳಿನಿಂದ ಕೆದರಿದೆ. ಎದ್ದಿತು.

"ಅತ್ಯಾ! ಕಾಗದ ಎದ್ದದ ಬರ್ರಿ!"

ಕೆಳಗೆ ಸ್ಟೋ ಪಂಪ್ ಮಾಡುವ ಸದ್ದು, ಆಮೇಲೆ ಹಗ್ಗ. ಟಕ್ ಟಕ್. ಅತ್ಯಾ ಬಗ್ಗಿ ಆ ತುದಿಯನ್ನು ನೋಡಿದರು. ನನ್ನ ಕೈ ನೋಡಿದರು. ನಾನು ಸೆರಗಿನಲ್ಲಿ ಬೆರಳು ಮುಚ್ಚಿಕೊಂಡೆ.

"ಇಲಿ ಆಗ್ಯಾವ ಈ ಕೋಣಿಯೊಳಗ," ಎಂದರು. "ಭಾಳ ಶಾಣೇ ಇಲಿ. ಇಂಗ್ಲಿಷ್ ಕಲತದ್ದು."

ಅಂಟಿಸಿದರು, ತಟ್ಟಿದರು, ಗೋಡೆಗೆ ತಲೆ ಆನಿಸಿ ಕೂತರು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಕಾಗದ ಮಾತ್ರ ವರ್ಷಗಟ್ಟಲೆ ಏಳುತ್ತಲೇ ಹೋಯಿತು. ಇಷ್ಟು ಒಳ್ಳೆಯ ಗೋಂದು ಹೀಗೇಕೆ ಎಂದು ವಸಂತನಿಗೆ ಕೊನೆಯವರೆಗೂ ತಿಳಿಯಲಿಲ್ಲ, ಪೂರ್ ಫೆಲೋ. ಕಿಟಕಿಯ ಪಕ್ಕ ಎಣ್ಣೆಯ ಕಲೆ ಕಾಗದವನ್ನೂ ದಾಟಿ ಬಂದು ಒಂದು ಗುಲಾಬಿ ಕಪ್ಪಗಾಯಿತು. ಅತ್ಯಾ ನಾಚಿ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದರು, ಕೂಡುವಾಗ ತೆಗೆದು ಪಕ್ಕಕ್ಕಿಡುತ್ತಿದ್ದರು.

ನನ್ನ ಮಗಳು ಅಂಬೆಗಾಲಿಡತೊಡಗಿದಾಗ ಆ ಮೆಟ್ಟಿಲ ಬಾಯಿಗೆ ಹಲಗೆ ಅಡ್ಡ ಇಡುವುದೇ ನನ್ನ ಕೆಲಸವಾಯಿತು. ಆಗಲೇ ಕೆಳಗಿನ ಬಾಡಿಗೆಯವರು ಬಿಟ್ಟರು, ನಾವು ಮುಂದಿನ ಕೋಣೆಗೆ ಇಳಿಯುವುದೆಂದಾಯಿತು. ಊಟಕ್ಕೆ ಕೂತಾಗ ಆಯಿ ಹೇಳಿದರು, "ಮಾಳಿಗಿ ಖಾಲಿ ಯಾಕ ಇಡಬೇಕು? ಕಾಲೇಜಿನ ಹುಡುಗರಿಗೆ ಬಾಡಿಗಿ ಕೊಡೋಣು."

ಅತ್ಯಾ ಬಡಿಸುತ್ತಿದ್ದರು. ಸೌಟು ಒಂದು ಗಳಿಗೆ ನಿಂತಿತು, ಮತ್ತೆ ವಸಂತನ ತಾಟಿಗೆ ಸಾರು ಬಿತ್ತು. ಅವರು ಕೇಳುವವರಲ್ಲ ಎಂದು ನನಗೆ ಗೊತ್ತಿತ್ತು. ಬಿಟ್ಟುಕೊಡುವಾಗ ಹೇಗೆ ತಾವೇ ಮುಂದಾಗಿದ್ದರೋ, ಬೇಕು ಎನ್ನುವಾಗ ಹಾಗೇ ಹಿಂದಾಗುವರು. ಆ ಮನೆಯಲ್ಲಿ ಹಿರಿಯರ ಮಾತಿನ ನಡುವೆ ನಾನು ಬಾಯಿ ಹಾಕಿದ್ದು ಅದೇ ಮೊದಲು.

"ಬಾಡಿಗಿ ಕೊಡಲಿಕ್ಕೆ ಆಗೂದಿಲ್ಲ ಆಯಿ. ಆ ಕಾಗದ ಒಂದಿನಾ ನಿಲ್ಲೂದಿಲ್ಲ. ದಿನಾ ಅಂಟಸವರು ಬೇಕು. ಹುಡುಗರು ಮೈದಾ ಕುದಸ್ತಾರೇನ್ರಿ? ಅತ್ಯಾ ಅಲ್ಲೇ ಇದ್ರನ ಅದು ನೆಟ್ಟಗ ಇರ್ತದ."

"ಕಾಗದಾ ಹರದು ಒಗದರಾತು," ಎಂದರು ಆಯಿ.

"ವಿಲಾಯತಿ ಮಾಲು!" ಎಂದೆ. ನನ್ನ ದನಿ ಅಷ್ಟು ಏರುತ್ತದೆಂದು ನನಗೇ ಗೊತ್ತಿರಲಿಲ್ಲ. ಮಗಳು ಬೆಚ್ಚಿ ಅಳತೊಡಗಿದಳು.

ಆಯಿ ನನ್ನನ್ನು ನೋಡಿದರು, ಅತ್ಯಾನನ್ನು ನೋಡಿದರು, ಮಜ್ಜಿಗೆ ಕಲಸಿಕೊಂಡರು. "ಹಂಗಿದ್ರ ಆಕೀನ ಇರಲಿ ತಗೋ," ಎಂದರು. ಅತ್ಯಾ ನನ್ನ ತಾಟಿಗೆ ಕೇಳದೆ ಇನ್ನೊಂದು ಸೌಟು ಸಾರು ಹಾಕಿದರು. ಅಷ್ಟೇ.

ಟ್ರಂಕು ಮೇಲೆ ಹೋಯಿತು. ಈಗ ಬಟ್ಟಲು ಹಿಡಿದು ಮಧ್ಯಾಹ್ನ ಹತ್ತುವವಳು ನಾನು. ಮಗಳು ಶಾಲೆಗೆ ಹೋಗುವ ತನಕ, ಆಮೇಲೆ ಆಕೆ ಹೈಸ್ಕೂಲಿಗೆ ಬರುವ ತನಕ, ಅರ್ಧ ಮೆಟ್ಟಿಲಿಗೆ ನಾನು ಬಾಯಿಂದ "ಟಕ್ ಟಕ್" ಎಂದರೆ ಒಳಗಿಂದ "ಯಾರದು? ಇಲಿಯೇನ?" ಎಂದು ದನಿ ಬರುತ್ತಿತ್ತು. ಬಟ್ಟಲಲ್ಲಿ ಅಂಟೇ ಇರಬೇಕೆಂದಿರಲಿಲ್ಲ. ಅವಲಕ್ಕಿಯೂ ಇರುತ್ತಿತ್ತು.

ಅತ್ಯಾ ಬಹಳ ದಿನ ಹಾಸಿಗೆ ಹಿಡಿದು ಮಲಗಲಿಲ್ಲ. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಜ್ವರ ಬಂತು. ಡಾಕ್ಟರು ಹಗ್ಗ ಹಿಡಿದು ಹತ್ತಿ ಬಂದು ಕೆಳಗೆ ಇಳಿಸಿರೆಂದರು. ಅತ್ಯಾ ತಲೆಯಾಡಿಸಿದರು, "ಒಮ್ಮೆ ಇಳದೇನಿ, ಸಾಕು." ಕೊನೆಯ ಮಧ್ಯಾಹ್ನ ನಾನು ಗಂಜಿ ಒಯ್ದೆ. ಕ್ಯಾಲೆಂಡರ್ ನೆಲದ ಮೇಲಿತ್ತು. ಅವರು ಗೋಡೆಗೆ ಒರಗಿ ಕೂತಿದ್ದರು, ಆ ಕಪ್ಪು ಗುಲಾಬಿಗೆ ತಲೆಯಾನಿಸಿ. ಗಂಜಿ ಬೇಡವೆಂದರು. ನನ್ನ ಕೈ ತೆಗೆದುಕೊಂಡು ಬೆರಳು ಬೆರಳಾಗಿ ನೋಡಿ, "ಉಗರಾ ಚಂದಾಗಿ ಬೆಳಸು ಇನ್ನ," ಎಂದರು.

ವಾಡೆ ಬಿಲ್ಡರಿಗೆ ಹೋಗುವ ಮೊದಲು ಒಮ್ಮೆ ಒಬ್ಬಳೇ ಹತ್ತಿ, ಕಿಟಕಿಯ ಪಕ್ಕ ಅವರಂತೆಯೇ ಕೂತು ನೋಡಿದೆ. ಕಲೆ ನನ್ನ ಕತ್ತಿನ ಮಟ್ಟಕ್ಕಷ್ಟೇ ಬಂತು. ಅತ್ಯಾ ಅಷ್ಟು ಗಿಡ್ಡ ಇದ್ದರೆಂದು ಅವರಿದ್ದಾಗ ನನಗೆ ಒಮ್ಮೆಯೂ ಅನಿಸಿರಲಿಲ್ಲ.

ಈಗ ಫ್ಲ್ಯಾಟಿನಲ್ಲಿದ್ದೇನೆ. ಗೋಡೆಗಳೆಲ್ಲ ಕ್ರೀಮ್, ನಾನು ಬಯಸಿದ ಬಣ್ಣವೇ. ಊಟವಾದ ಮೇಲೆ ಒರಗಿದಾಗ, ನನಗೆ ತಿಳಿಯದೇ ಉಗುರು ಹೋಗಿ ಗೋಡೆಯನ್ನು ಕೆದರುತ್ತಿರುತ್ತದೆ. ಒಳ್ಳೆಯ ಪೇಂಟು. ಏನೂ ಏಳುವುದಿಲ್ಲ.