ಏಕಾದಶಿಯ ದಿನ ಬೇಯಿಸಿದ ಅನ್ನ

2023ರ ಮಳೆಗಾಲದಲ್ಲಿ ಪಿಎಚ್.ಡಿ. ಸಂದರ್ಶನಕ್ಕೆಂದು ಮೊದಲ ಸಲ ಕೋಲ್ಕತ್ತಾಕ್ಕೆ ಹೋಗಿದ್ದೆ. ಟಾಲಿಗಂಜ್‌ನಲ್ಲಿ ಒಂದೇ ಮನೆತನದವರು ಅಜ್ಜನ ಕಾಲದಿಂದ ನಡೆಸುತ್ತಿದ್ದ ಹಳೆಯ ವಸತಿಗೃಹದಲ್ಲಿ ಇಳಿದುಕೊಂಡೆ. ಕೆಳಗೆ ಮನೆಯವರು, ಮೇಲೆ ಅತಿಥಿಗಳು. ಊಟಕ್ಕೆ ಎಲ್ಲರಿಗೂ ಒಂದೇ ಮೇಜು.

ರೈಲಿನಲ್ಲಿ ಬಿಸ್ಕತ್ತು, ಬಾಳೆಹಣ್ಣಿನಲ್ಲೇ ಕಳೆದಿದ್ದೆ. ರಾತ್ರಿ ತಲುಪಿದೆ, ಮರುದಿನ ಮಧ್ಯಾಹ್ನವೇ ಸಂದರ್ಶನ. ಬೇಗ ಉಂಡು ಹೊರಡೋಣವೆಂದು ಕೂತೆ. ಮನೆಯ ಸೊಸೆಯನ್ನು ಎಲ್ಲರೂ ಬೌದಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. ಮೀನು ತಿನ್ನುವುದಿಲ್ಲ, ಅನ್ನ ದಾಲ್ ಸಾಕು ಎಂದು ಅವರಿಗೆ ಬೆಳಿಗ್ಗೆಯೇ ಹಿಂದಿಯಲ್ಲಿ ಹೇಳಿದ್ದೆ. ದಾಲ್‌ನಲ್ಲಿ ಸೌಟು ಆಡಿಸಿದರೆ ಮೀನಿನ ತಲೆ ಮೇಲೆದ್ದಿತು.

"ಬೌದಿ, ಇದರಲ್ಲಿ ಮೀನಿದೆ."

"ಮೀನೆಲ್ಲಿದೆ? ಒಂದು ತುಂಡೂ ಹಾಕಿಲ್ಲ. ಬರೀ ತಲೆ ಅದು, ರುಚಿಗೆ!"

ಅವರು ತಮಾಷೆ ಮಾಡುತ್ತಿರಲಿಲ್ಲ. ನನಗೆಂದು ವಿಶೇಷವಾಗಿಯೇ ಮಾಡಿದ್ದರು. "ಹಸಿವಿಲ್ಲ" ಎಂದು ಎದ್ದುಬಿಟ್ಟೆ. ಬೌದಿಯ ಮುಖ ಸಪ್ಪಗಾಯಿತು. ಬೇರೆ ಮಾಡೋಣವೆಂದರೆ ಆ ಅಡುಗೆಮನೆಯಲ್ಲಿ ಮೀನು ಮುಟ್ಟದ ಪಾತ್ರೆಯೇ ಇಲ್ಲ.

ಪಕ್ಕದ ಕೋಣೆಯಲ್ಲಿ ಅವರ ಅತ್ತೆ ಇದ್ದರು. ಎಂಬತ್ತು ದಾಟಿದ ವಿಧವೆ. ಹಳೆಯ ಪದ್ಧತಿಯಂತೆ ಮೀನು ಬಿಟ್ಟು, ಬೇರೆಯೇ ಒಲೆ, ಪಾತ್ರೆ ಇಟ್ಟುಕೊಂಡು ಒಬ್ಬರೇ ಬೇಯಿಸಿ ಉಣ್ಣುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವರು ಸೊಸೆಯನ್ನು ಕೂಗಿ, "ಸ್ವಲ್ಪ ಅಕ್ಕಿ ತಾ" ಎಂದರು.

"ಮಾ, ಇವತ್ತು ಏಕಾದಶಿ! ನಿಮ್ಮ ಒಲೆ ಮೇಲೆ ಅನ್ನ ಇಡ್ತೀರಾ?"

"ಉಪವಾಸ ನಂದು, ಈ ಹುಡುಗೀದಲ್ಲ. ನಮ್ಮನೆಗೆ ಬಂದೋರು ಯಾರಾದ್ರೂ ಹಸ್ಕೊಂಡು ಹೋಗಿದ್ದುಂಟಾ?"

ಏಕಾದಶಿಯಂದು ಅಡುಗೆಮನೆಯಲ್ಲಿ ಒಂದು ಅಗುಳನ್ನೂ ಸಹಿಸದ ನನ್ನಜ್ಜಿಯ ಕೈಯಲ್ಲಿ ಬೆಳೆದವಳು ನಾನು. ಬೇಡವೇ ಬೇಡ ಎಂದೆ.

"ಕೂತ್ಕೋ ಮಗಳೇ. ವಾದ ಎಲ್ಲ ಆ ಪ್ರೊಫೆಸರ್‌ಗಳ ಹತ್ರ ಮಾಡು."

ಬಿಸಿ ಅನ್ನ, ಕಿವುಚಿದ ಆಲೂಗಡ್ಡೆ, ತುಪ್ಪ. ಬೆಳಗಿನಿಂದ ನೀರೂ ಕುಡಿಯದ ಅವರು ಎದುರಿಗೆ ಕೂತು ಬಡಿಸಿದರು. ಬೌದಿ ಬಾಗಿಲಲ್ಲೇ ನಿಂತು, ನಾನು ಎರಡನೆಯ ಸಲ ಅನ್ನ ಹಾಕಿಸಿಕೊಂಡ ಮೇಲೆ ನಕ್ಕರು.

ಕೈತೊಳೆದು ಬರುವಷ್ಟರಲ್ಲಿ ಬೌದಿಯ ಅತ್ತೆ ಒಲೆ ಒರೆಸಿ, ಪಾತ್ರೆ ತೊಳೆದಿಟ್ಟಿದ್ದರು. ಕಾಲಿಗೆ ನಮಸ್ಕರಿಸಲು ಬಗ್ಗಿದರೆ, "ಈಗ ಮುಟ್ಟಬೇಡ, ಏಕಾದಶಿ ದಿನ ಅನ್ನ ಮುಟ್ಟಿದೀನಿ, ಇನ್ನೊಂದು ಸಲ ಸ್ನಾನ ಆಗ್ಬೇಕು" ಎಂದು ಹಿಂದೆ ಸರಿದರು.

ಸೀಟು ಸಿಕ್ಕಿತು. ಅಂದು ಕೇಳಿದ ಪ್ರಶ್ನೆಗಳೆಲ್ಲ ಮರೆತುಹೋಗಿವೆ. ಆದರೆ ಯಾರಾದರೂ ನಿಷ್ಠೆಯ ಮಾತೆತ್ತಿದರೆ, ಗೋಡೆ ಹಿಡಿದುಕೊಂಡು ಆ ಅಜ್ಜಿ ಎರಡನೆಯ ಸ್ನಾನಕ್ಕೆ ನಡೆದದ್ದೇ ಕಣ್ಣೆದುರು ಬರುತ್ತದೆ.