ತಿದ್ದಬಾರದ ಟೀಚರ್

ಜೆಪ್ಪುವಿನ ಎಸ್ತೆರ್ ಟೀಚರ್ ನೌಕರಿಯುದ್ದಕ್ಕೂ ಮಕ್ಕಳ ಇಂಗ್ಲಿಷ್ ಸ್ಪೆಲ್ಲಿಂಗ್ ತಿದ್ದಿದವರು. ನಿವೃತ್ತಿಯ ನಂತರ ತಿದ್ದಲು ಏನೂ ಉಳಿಯಲಿಲ್ಲ. ಚರ್ಚಿನ ಬೋರ್ಡಿನಲ್ಲಿದ್ದ ಮದುವೆ ಪ್ರಕಟಣೆಗಳನ್ನು ಕೆಂಪು ಪೆನ್ನಿನಿಂದ ಸರಿಪಡಿಸತೊಡಗಿದಾಗ ಧರ್ಮಗುರುಗಳು ಮೃದುವಾಗಿ ಬೇಡವೆಂದರು. ಈಗ ಅವರು ದಿನಾ ಬಸ್ಸು ಹಿಡಿದು ಕದ್ರಿಯ ಒಂದು ಜಾಹೀರಾತು ಕಚೇರಿಗೆ ಹೋಗುತ್ತಾರೆ. ಅಲ್ಲಿ ಅವರ ಕೆಲಸ ತಪ್ಪು ಬರೆಯುವುದು.

ಕಚೇರಿ ಅವರ ಹಳೆಯ ವಿದ್ಯಾರ್ಥಿ ಶೈಲೇಶನದು. ಇಂಟರ್ನೆಟ್ಟಿನಲ್ಲಿ ಜನ ಏನನ್ನಾದರೂ ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಯಾರಾದರೂ ಒತ್ತಿದರೆ ಜಾಹೀರಾತು ಕೊಟ್ಟ ಅಂಗಡಿಯವನು ಹಣ ಕೊಡಬೇಕು; ಎಷ್ಟೆಂಬುದು ಹುಡುಕಿದ ಪದದ ಮೇಲೆ. ಸರಿಯಾದ ಪದಕ್ಕೆ ದೊಡ್ಡ ಕಂಪನಿಗಳ ಪೈಪೋಟಿ, ಆದ್ದರಿಂದ ದುಬಾರಿ. ತಪ್ಪು ಬರೆದ ಪದ ಯಾವ ಕಂಪನಿಗೂ ಬೇಡ, ಆದ್ದರಿಂದ ಅಗ್ಗ; ತಪ್ಪಾಗಿ ಬರೆದು ಹುಡುಕುವವರಿಗೇನೂ ಕೊರತೆಯಿಲ್ಲ. ಈಚೆಗೆ ಹೆಚ್ಚಿನ ತಪ್ಪುಗಳನ್ನು ಹುಡುಕಿಕೊಡುವ ಯಂತ್ರವೇ ಊಹಿಸಿ ಸರಿಪಡಿಸಿಕೊಳ್ಳುತ್ತದೆ. ಅದಕ್ಕೂ ಸಿಗದ ಕೆಲವು ಇನ್ನೂ ಇವೆಯೆಂಬುದು ಶೈಲೇಶನ ನಂಬಿಕೆ. ಅವನ ಸಹಾಯಕಿ ಸುಪ್ರೀತಾ ಅಕ್ಷರಗಳನ್ನು ಮನಬಂದಂತೆ ಕಲಸಿ ಕೊಡುತ್ತಿದ್ದಳು. ಟೀಚರ್ ಮೊದಲ ದಿನವೇ ಅವನ್ನೆಲ್ಲ ಹೊಡೆದುಹಾಕಿದರು.

"ಹೀಗೆ ಯಾವ ಮನುಷ್ಯನೂ ಬರೆಯುವುದಿಲ್ಲ ಸುಪ್ರೀತಾ. ತಪ್ಪಿಗೂ ಒಂದು ಮರ್ಯಾದೆ ಉಂಟು."

ಎಲ್ಲ ಸರಿಯಾಗಿಯೇ ನಡೆಯಿತು, ಇಲ್ಯಾಸ್ ಎಂಬ ಗಿರಾಕಿಯ ಸರದಿ ಬರುವವರೆಗೆ. ಬಜಪೆಯಲ್ಲಿ ಅವನು ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುತ್ತಾನೆ. ಈ ಕೆಲಸದ ಇಂಗ್ಲಿಷ್ ಹೆಸರು ಅಪ್‌ಹೋಲ್‌ಸ್ಟರಿ. ಎಲ್ಲರೂ ಎಡವುವ ಸ್ಪೆಲ್ಲಿಂಗ್, ಟೀಚರಿಗೆ ಹಬ್ಬ. ಅವರು ಪುಟ ತುಂಬ ತಪ್ಪು ಬರೆದರು. ಕೊಡುವ ಮೊದಲು ಅಭ್ಯಾಸಬಲದಿಂದ ಇನ್ನೊಮ್ಮೆ ಕಣ್ಣಾಡಿಸಿದರು. ಕೈ ಸುಮ್ಮನಿರಲಿಲ್ಲ. ಪುಟ ಸುಪ್ರೀತಾಳ ಕೈ ಸೇರುವಾಗ ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಅವಳು ಅದನ್ನು ಓದದೆ ಹಾಗೆಯೇ ಏರಿಸಿದಳು, ಜಾಹೀರಾತು ಸರಿಯಾದ ಪದದ ಮೇಲೆ ಓಡಿತು. ಒತ್ತಿದವರೆಲ್ಲ ಹೊಸ ಸೋಫಾ ಹುಡುಕುತ್ತಿದ್ದವರು. ತಿಂಗಳಿಗೆಂದು ಇಟ್ಟ ಹಣ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಸಂಜೆ ಇಲ್ಯಾಸ್ ಕದ್ರಿಗೆ ಬಂದ. ಶೈಲೇಶ ತಪ್ಪನ್ನು ಯಂತ್ರದ ಮೇಲೆ ಹಾಕಿ ಏನೋ ಹೇಳಹೊರಟಿದ್ದ. ಟೀಚರ್ ಎದ್ದು ನಿಂತು, ತಿದ್ದಿದ್ದು ತಾನೇ ಎಂದರು.

ಇಲ್ಯಾಸ್ ಅವರ ಕಡೆ ತಿರುಗಿದ. "ಅಲ್ಲ ಟೀಚರ್, ಸರಿ ಬರೆಯಲಿಕ್ಕೆ ನಿಮಗೆ ಹೇಳಿದ್ದು ಯಾರು?"

ಶೈಲೇಶ ನೆಲ ನೋಡುತ್ತ, ಟೀಚರ್ ಕೆಲವು ದಿನ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಂಡರೆ ಒಳ್ಳೆಯದೆಂದ. ಅದರ ಅರ್ಥ ಅವರಿಗೆ ಗೊತ್ತಿತ್ತು. ಮನೆಯಲ್ಲಿ ಇನ್ನು ತಿದ್ದಲು ಉಳಿದದ್ದು ಮೆಡಿಕಲ್ ಶಾಪಿನ ಬಿಲ್ಲುಗಳು ಮಾತ್ರ. ಅವರು ಒಂದು ಅವಕಾಶ ಕೇಳಿದರು: ತಾನು ಪೆನ್ನು ಮುಟ್ಟುವುದಿಲ್ಲ, ಬರೆದದ್ದನ್ನು ನೋಡುವುದೂ ಇಲ್ಲ. ತಾನು ಉಕ್ತಲೇಖನ ಕೊಡುವುದು, ಇಲ್ಯಾಸ್‌ನ ಕಡೆಯವರು ಕೇಳಿ ಬರೆಯುವುದು; ತಪ್ಪುಗಳು ತಾವಾಗಿಯೇ ಬರುತ್ತವೆ.

ಮರುದಿನ ಇಲ್ಯಾಸ್ ತನ್ನ ಕೆಲಸಗಾರರನ್ನೂ ಕರೆತಂದ. ಎಲ್ಲರೂ ಕಾಗದ ಹಿಡಿದು ಸಾಲಾಗಿ ಕುಳಿತರು. ಟೀಚರ್ ಅವರಿಗೆ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ನಿಂತರು. ಪದಗಳನ್ನು ಶಾಲೆಯ ದನಿಯಲ್ಲಿ, ಎರಡೆರಡು ಸಲ ಹೇಳಿದರು. ಹಿಂದಿನಿಂದ ಯಾರೋ ಬರೆದದ್ದನ್ನು ಹೊಡೆದುಹಾಕುವ ಶಬ್ದ ಕೇಳಿದಾಗ ಅವರ ಕುತ್ತಿಗೆ ಅರ್ಧ ತಿರುಗಿತು, ಮತ್ತೆ ಕಿಟಕಿಗೆ ಮರಳಿತು.

ಸುಪ್ರೀತಾ ಕಾಗದಗಳನ್ನು ಒಟ್ಟು ಮಾಡಿ ನೋಡಿದಳು. ಕೆಲಸಗಾರರ ತಪ್ಪುಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು, ಯಾವ ಕಂಪನಿಯೂ ಕನಸಿನಲ್ಲಿ ಕಾಣದಂಥವು. ಇಲ್ಯಾಸ್‌ನದು ಮಾತ್ರ ಎಲ್ಲ ಸರಿಯಾಗಿದೆ ಎಂದಳು.

ಟೀಚರ್ ತಿರುಗಲಿಲ್ಲ. "ಜೇಬಿನಲ್ಲಿ ಸ್ಪೆಲ್ಲಿಂಗ್ ಅಚ್ಚಾದ ಅಂಗಡಿಯ ಕಾರ್ಡ್ ಉಂಟು ಅವರ ಹತ್ತಿರ. ಕಾಪಿ ಮಾಡಿದ್ದಾರೆ. ಹೊರಗೆ ನಿಲ್ಲಿಸು ಮಾರಾಯ್ತಿ."

ಇಲ್ಯಾಸ್ ತಲೆ ತಗ್ಗಿಸಿ ಎದ್ದು ಹೋಗಿ ವರಾಂಡದಲ್ಲಿ ನಿಂತ. ಶೈಲೇಶ ಉಳಿದ ಕಾಗದಗಳನ್ನು ಟೀಚರಿಗೆ ಕಾಣದಂತೆ ಮಡಚಿ ಹಿಡಿದು, ಸೋಮವಾರ ಉಕ್ತಲೇಖನಕ್ಕೆ ಒಬ್ಬ ದಂತವೈದ್ಯರ ಸಿಬ್ಬಂದಿ ಬರುತ್ತಾರೆ, ಟೀಚರ್ ಸ್ವಲ್ಪ ಬೇಗ ಬರಬಹುದೇ ಎಂದು ಕೇಳಿದ.