ರಾಣಿ ಸತ್ತ ಭಾನುವಾರ

ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಸೊಸೈಟಿಯಲ್ಲಿ ನಾನು ನಾಲ್ಕನೇ ಮಹಡಿಯ ಆಜಿ. ಲಿಫ್ಟಿನಲ್ಲಿ ಸಿಕ್ಕವರು ಮೊಣಕಾಲು ಹೇಗಿದೆ ಎಂದು ಮರಾಠಿಯಲ್ಲಿ ವಿಚಾರಿಸುತ್ತಾರೆ. ಒಂದು ಕಾಲದಲ್ಲಿ ನೀವು ನಾಟಕ ಕಂಪನಿಯ ನಾಯಕಿಯಾಗಿದ್ದಿರಾ, ಕಪ್ಪುಬಿಳುಪು ಸಿನಿಮಾದಲ್ಲಿ ಇದ್ದಿರಾ ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೇನು, ನಾನೇ ಹೇಳುತ್ತೇನೆ. ಲಿಫ್ಟು ಕೆಳಗಿಳಿಯುವುದರೊಳಗೆ ಗದಗಿನಿಂದ ಹೊರಟು ಮದ್ರಾಸು ಮುಟ್ಟಿರುತ್ತೇನೆ. ಈಚೆಗೆ ಪಕ್ಕದ ಮನೆಯವರು ಮೆಟ್ಟಿಲಿಳಿದೇ ಹೋಗುತ್ತಾರೆ.

ಹೇಳುವುದಕ್ಕೆ ಬಹಳವೇನೂ ಇಲ್ಲ. ಹನ್ನೆರಡಕ್ಕೆ ಕಂಪನಿ ಸೇರಿದೆ. ದನಿ ದೊಡ್ಡದಿತ್ತು, ಅಭಿನಯವೂ ದನಿಯಷ್ಟೇ ದೊಡ್ಡದಿತ್ತು. ತಗಡಿನ ಥಿಯೇಟರಿನ ಕಟ್ಟಕಡೆಯ ಸಾಲಿನವನಿಗೂ ನನ್ನ ಅಳು ಕಾಣಬೇಕೆಂದು ಕಲಿಸಿದ್ದರು. ಅದೇ ಅಳುವನ್ನು ಮದ್ರಾಸಿನ ಕ್ಯಾಮೆರಾದ ಮುಂದೆ ಅತ್ತಾಗ ನಿರ್ದೇಶಕರು, "ಅಮ್ಮಾ, ಕ್ಯಾಮೆರಾ ಇಲ್ಲೇ ಇದೆ, ಬಳ್ಳಾರಿಯಲ್ಲಿಲ್ಲ" ಎಂದರು. ಎರಡು ಚಿತ್ರಗಳಲ್ಲಿ ನಾಯಕಿಯಾದೆ. ಆಮೇಲೆ ನಾಯಕಿಯ ಅಕ್ಕ, ಮೂವತ್ತೈದು ತುಂಬುವ ಮೊದಲೇ ನಾಯಕನ ತಾಯಿ. ನನ್ನ ಜೊತೆ ಮರ ಸುತ್ತಿ ಹಾಡಿದ್ದ ಪುಣ್ಯಾತ್ಮನೇ, ನನಗಿಂತ ಎರಡು ವರ್ಷ ದೊಡ್ಡವನು, ನನ್ನ ಮಡಿಲಲ್ಲಿ ತಲೆಯಿಟ್ಟು ಅಮ್ಮಾ ಎಂದು ಅತ್ತ. ಕೊನೆಯ ಚಿತ್ರದಲ್ಲಿ ಗೋಡೆಗೆ ತೂಗುಹಾಕಿದ ಹಾರದ ಫೋಟೋ ಆಗಿದ್ದೆ. ಮಾತಿರಲಿಲ್ಲ, ಆದರೆ ಆ ಮನೆಯ ಪ್ರತಿ ದೃಶ್ಯದಲ್ಲೂ ಇದ್ದೆ. ಅಷ್ಟು ದೊಡ್ಡ ಪಾತ್ರ ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಹೀಗೆ ಪರದೆಯ ಮೇಲೆ ಊರಿಗೆಲ್ಲ ಅಮ್ಮನಾದೆ. ಹೆತ್ತ ಮಗಳು ಮಾತ್ರ ನನ್ನನ್ನು ಅಕ್ಕ ಎನ್ನುತ್ತಾಳೆ.

ಇದು ಕಂಪನಿಯ ಕಟ್ಟಳೆಯಾಗಿತ್ತು. ನಾಯಕಿಗೆ ಕೂಸಿದೆ ಎಂದು ಗೊತ್ತಾದರೆ ನಾಟಕದ ಪ್ರೇಮ ಸಪ್ಪೆಯಾಗುತ್ತದೆ ಎಂದು ಮಾಲೀಕರ ನಂಬಿಕೆ. ನಮ್ಮ ಕಂಪನಿಯಲ್ಲಿ ಹಾಗೆ ತಂಗಿಯರಾದ ಮಕ್ಕಳು ಮೂವರಿದ್ದರು. ನನ್ನ ಮಗಳನ್ನು ನನ್ನ ತಾಯಿ ಗದಗಿನಲ್ಲಿ ಸಾಕಿದಳು. ಮೊಕ್ಕಾಮಿಗೆ ಕರೆತಂದಾಗ ಜನರೆದುರು ನನ್ನನ್ನು ಅಕ್ಕ ಅನ್ನಬೇಕೆಂದು ನಾನೇ ಕಲಿಸಿದೆ. ಮರೆತು ಅವ್ವ ಎಂದಾಗ ಒಮ್ಮೆ ತೊಡೆ ಚಿವುಟಿದ್ದೆ. ಅವಳಿಗಾಗ ನಾಲ್ಕು ವರ್ಷ. ಆಮೇಲೆ ಆ ಶಬ್ದ ಅಜ್ಜಿಗೆ ಮೀಸಲಾಯಿತು. ಹಾರ್ಮೋನಿಯಂ ಬಾರಿಸುತ್ತಿದ್ದ ನನ್ನ ಗಂಡ ಬೇಗ ತೀರಿಕೊಂಡರು, ಕಂಪನಿ ಮುಚ್ಚಿತು, ನಾನು ಯಾರಿಗೂ ನಾಯಕಿಯಾಗಿ ಉಳಿಯಲಿಲ್ಲ. ಅಕ್ಕ ಮಾತ್ರ ಉಳಿಯಿತು. ಅವಳ ಮದುವೆಯ ದಿನ ನಾಚಿಕೆ ಬಿಟ್ಟು, ಈಗಲಾದರೂ ಅವ್ವ ಅನ್ನು ಎಂದು ಬೇಡಿದೆ. ಅವಳು ಸಿಟ್ಟೇನೂ ಮಾಡಿಕೊಳ್ಳದೆ, "ಈಗ ನಾಲಿಗಿ ತಿರುಗಂಗಿಲ್ಲಕ್ಕಾ" ಎಂದಳು. ಈಗ ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ, ಠಾಕುರ್ಲಿಯಲ್ಲಿ ನನ್ನನ್ನು ತನ್ನ ಜೊತೆಗಿಟ್ಟುಕೊಂಡು, ನನ್ನ ಬಿಪಿ ಮಾತ್ರೆ, ಕನ್ನಡಕ, ಬಿಸಿನೀರು ಎಲ್ಲ ನೋಡಿಕೊಳ್ಳುತ್ತಾಳೆ. ನನಗೆ ಬೇಕಾಗಿದ್ದು ಆ ಒಂದು ಶಬ್ದ. ಅದನ್ನು ಕೇಳದೆ ಹೋಗಿಬಿಡುತ್ತೇನೆಂಬ ಹೆದರಿಕೆ ಇತ್ತು.

ಹೋದ ಚಳಿಗಾಲದಲ್ಲಿ ಪಕ್ಕದ ಡೊಂಬಿವಲಿಯ ಒಂದು ಕನ್ನಡ ಸಂಘದವರು ನನಗೆ ಸನ್ಮಾನ ಇಟ್ಟುಕೊಂಡರು. ಕಾರ್ಯದರ್ಶಿ ಉಡುಪಿ ಕಡೆಯವರು, ಹೋಟೆಲ್ ಇಟ್ಟವರು. "ನಿಮಗೆ ಎಂತದೂ ತೊಂದ್ರೆ ಇಲ್ಲಮ್ಮ. ಶಾಲು ಹೊದಿಸ್ತೇವೆ, ಎರಡು ಮಾತಾಡಿ, ಆಯ್ತು" ಎಂದರು.

"ಒಂದು ದೃಶ್ಯ ಮಾಡಿ ತೋರಿಸಲೇ?" ಎಂದೆ.

ಅವರು ನನ್ನ ಕೋಲನ್ನು ನೋಡಿದರು. "ಕೂತು ಮಾಡುವಂಥದ್ದು ಉಂಟಾ?"

ಉಂಟು ಎಂದೆ. ಸುಳ್ಳು. ನನ್ನ ಮನಸ್ಸಿನಲ್ಲಿ ಇದ್ದದ್ದು ವಿಷ ಕುಡಿದು ಸಾಯುವ ರಾಣಿಯ ದೃಶ್ಯ. ಮಗಳು ನನ್ನ ನಾಟಕ ನೋಡಿದ್ದು ಬುದ್ಧಿ ಬಲಿಯುವ ಮುಂಚೆ. ಈ ಸಲ ನೋಡಿದರೆ, ನಾನು ಅವಳನ್ನು ಬಿಟ್ಟು ಹೋದದ್ದು ಯಾತಕ್ಕೆ ಎಂದು ತಿಳಿದೀತು, ನಾಲಿಗೆ ಸಡಿಲವಾದೀತು ಎಂಬ ಆಸೆ. ಎಂಬತ್ತು ದಾಟಿದವಳ ಬುದ್ಧಿ ನೋಡಿ! ಹದಿನೈದು ದಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ತಾಲೀಮು ಮಾಡಿದೆ. ನೀರು ಪೋಲಾಗುತ್ತಿದೆ ಎಂದು ಮಗಳು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು.

ಭಾನುವಾರ ಸಂಜೆ ಸಭಾಂಗಣ ಅರ್ಧ ತುಂಬಿತ್ತು. ನವಿ ಮುಂಬಯಿಯ ಸೀವುಡ್ಸಿನಿಂದ ಬಂದಿದ್ದ ಮೊಮ್ಮಗಳು ಮುಂದಿನ ಸಾಲಿನಲ್ಲಿ ಕೂತು, "ಆಜಿ, ಲವ್ ಸ್ಟೋರಿ ಹೈ ಕ್ಯಾ?" ಎಂದಳು. ಮಗಳು ಮಡಿಲಲ್ಲಿ ಮಾತ್ರೆಯ ಚೀಲ ಇಟ್ಟುಕೊಂಡು ಕೂತಿದ್ದಳು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ನಾನು ಕೋಲು ಬದಿಗಿಟ್ಟು ರಾಣಿಯಾದೆ. ಮೈಕಿನವನು ಕಿವಿ ಮುಚ್ಚಿಕೊಂಡು ಮೈಕು ಬಂದ್ ಮಾಡಿದ. ವಿಷ ಕುಡಿದೆ, ತೂರಾಡಿದೆ, ಕುರ್ಚಿ ಹಿಡಿದು ಮೊಣಕಾಲು ನೋಯದ ಹಾಗೆ ಹಂತಹಂತವಾಗಿ ನೆಲಕ್ಕೆ ಬಿದ್ದು ಪ್ರಾಣ ಬಿಟ್ಟೆ. ಬಿದ್ದದ್ದು ಚೆನ್ನಾಗಿತ್ತು ಎಂದು ನನಗೇ ಅನ್ನಿಸಿತು.

ಆಮೇಲೆ ಏಳಲಿಲ್ಲ. ಏಳುವುದು ನಮ್ಮ ರೂಢಿಯಲ್ಲ. ಕಂಪನಿ ನಾಟಕದಲ್ಲಿ ಸತ್ತವರು ಜನ ಒನ್ಸ್ ಮೋರ್ ಕೂಗುವ ತನಕ ಅಲುಗಾಡಬಾರದು. ಕೂಗಿದರೆ ಎದ್ದು, ಹಾಡು ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯಬೇಕು. ಕೂಗದಿದ್ದರೆ ಪರದೆ ಬೀಳುತ್ತದೆ. ಒಂದು ಊರಿನಲ್ಲಿ ಒಂದೇ ರಾತ್ರಿ ನಾನು ನಾಲ್ಕು ಸಲ ಸತ್ತಿದ್ದೇನೆ. ಡೊಂಬಿವಲಿಯ ಜನಕ್ಕೆ ಈ ರೂಢಿ ಗೊತ್ತಿಲ್ಲ, ಆ ವೇದಿಕೆಗೆ ಪರದೆಯೇ ಇಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಕಾದೆ. ಚಪ್ಪಾಳೆಯೂ ಇಲ್ಲ. ಜನ ರಸದಲ್ಲಿ ಮುಳುಗಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಕಾರ್ಯದರ್ಶಿಯ ಗಾಬರಿಯ ದನಿ ಕೇಳಿತು: "ಡಾಕ್ಟ್ರು ಯಾರಾದ್ರೂ ಇದ್ದೀರಾ? ಬೇಗ ಬನ್ನಿ ಮಾರಾಯ್ರೆ!"

ಯಾರೋ ವೇದಿಕೆಯ ಮೆಟ್ಟಿಲು ಎಡವಿಕೊಂಡು ಓಡಿಬಂದರು. ಮಾತ್ರೆಗಳು ಚೆಲ್ಲಿದ ಸದ್ದಾಯಿತು. ನನ್ನ ಕೆನ್ನೆಯ ಮೇಲೆ ಮಗಳ ಕೈ ಬಿತ್ತು.

"ಏ ಅವ್ವಾ! ಕಣ್ಣು ತಗಿ! ಅವ್ವಾ, ನನ್ನ ನೋಡು!"

ನಾನು ಕಣ್ಣು ತೆರೆಯಬೇಕಿತ್ತು. ತೆರೆಯಲಿಲ್ಲ. ತೆರೆದರೆ ನಿಲ್ಲಿಸಿಬಿಡುತ್ತಾಳೆ ಎಂದು ಗೊತ್ತಿತ್ತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ: ನನ್ನ ಮಗಳು ನಿಜವಾಗಿ ಅಳುತ್ತಿದ್ದಳು, ನಾನು ಉಸಿರು ಬಿಗಿಹಿಡಿದು ಆ ಅಳುವನ್ನು ಮನಸಾರೆ ಕೇಳಿಸಿಕೊಂಡೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅಭಿನಯಿಸಿದ್ದಿಲ್ಲ. ಡಾಕ್ಟರೊಬ್ಬರು ಎದೆ ಒತ್ತಲು ನನ್ನ ಪಕ್ಕ ಮಂಡಿಯೂರಿದ ಸದ್ದು ಕೇಳಿದಾಗ ಮಾತ್ರ ಪಕ್ಕೆಲುಬುಗಳ ಮೇಲಿನ ಪ್ರೀತಿಯಿಂದ ಎದ್ದು ಕುಳಿತೆ. ಆಗ ಚಪ್ಪಾಳೆ ಬಿತ್ತು.

ಮನೆಗೆ ಹೋಗುವಾಗ ರಿಕ್ಷಾದಲ್ಲಿ ಮಗಳು ಹೊರಗೆ ಮುಖ ಮಾಡಿ ಕೂತಿದ್ದಳು. ಠಾಕುರ್ಲಿಯ ರೈಲ್ವೆ ಫಾಟಕದ ಹತ್ತಿರ ಬಂದಾಗ ಬಾಯಿಬಿಟ್ಟಳು.

"ಎಚ್ಚರ ಇತ್ತಲ್ಲ ನಿನಗ? ಎಲ್ಲಾ ಕೇಳಸ್ತಿತ್ತಲ್ಲ?"

"ಇತ್ತು. ತಪ್ಪಾತು."

"ಖರೇನ ಸತ್ತಾಗ ನಾ ನಂಬಂಗಿಲ್ಲ ನೋಡಕ್ಕಾ. ಅಳಂಗೂ ಇಲ್ಲ."

ಮತ್ತೆ ಅಕ್ಕನಾಗಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳದಿದ್ದರೂ ಪರವಾಗಿಲ್ಲ ಎಂದು ನನಗೆ ಹೇಳಬೇಕೆನಿಸಿತು. ನಾನು ನಿಜವಾಗಿ ಸಾಯುವ ದಿನ ಅವಳು ಅವ್ವಾ ಎಂದು ಎಷ್ಟು ಕೂಗಿದರೂ ನನಗೆ ಕೇಳಿಸುವುದಿಲ್ಲ.